ಪ್ಲೇಟಿನ ಆಚೆ ಬದಿ

ಹಾಲು ಉಪ್ಪಾಗಿದೆಯೋ, ತನ್ನ ನಾಲಿಗೆಯೇ ಕೆಟ್ಟಿದೆಯೋ ಎಂಬುದು ಕಾಶಿನಾಥನಿಗೆ ಎಷ್ಟು ಗುಟುಕು ಕುಡಿದರೂ ತೀರ್ಮಾನವಾಗಲಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಾಲು ಹಾಲಿನ ಹಾಗೇ ಇತ್ತು, ಇನ್ನು ಹೇಗಿರಬೇಕು? ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದದ್ದಕ್ಕೆ ಹೆಂಡತಿ ಸುಮಂಗಲಾ, ಉಪ್ಪು ಹಾಕುವುದನ್ನೇ ಮರೆತಿದ್ದೇನೆ, ತಟ್ಟೆಯ ಅಂಚಿಗೆ ಇಡೋಣವೆಂದು ಈಗ ತರುತ್ತಿದ್ದೆ ಎಂದು ನಕ್ಕಿದ್ದಳು. ವಾರಗಟ್ಟಲೆ ಉಪ್ಪನ್ನೇ ಯೋಚಿಸುವವನ ಬಾಯಿಗೆ ಬೆಲ್ಲವೂ ಉಪ್ಪಾದೀತು, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಲ್ಯಾಬಿನ ನಳಿನಿಯ ಗಾಜಿನ ಕೊಳವೆಗೆ ಹೆಂಡತಿಯಿಲ್ಲ, ಉಪ್ಪಿಟ್ಟಿಲ್ಲ, ಬಿ.ಪಿ. ಗುಳಿಗೆ ಇಲ್ಲ. ಇವತ್ತಿನ ಮೊದಲ ಟ್ಯಾಂಕರಿನ ಹಾಲಿನಲ್ಲಿ ನೀರಿದೆ, ಉಪ್ಪೂ ಇದೆ ಎಂದು ಅದು ಯಾರ ಮುಲಾಜೂ ಇಲ್ಲದೆ ಹೇಳಿಬಿಟ್ಟಿತ್ತು. ಲಿಂಗಂಪಲ್ಲಿ ದಾಟಿ ಮುಂಬಯಿ ರಸ್ತೆಯಲ್ಲಿರುವ ಈ ಡೇರಿಯಲ್ಲಿ ಯಂತ್ರಗಳೆಲ್ಲ ಕಾಶಿನಾಥನ ಸುಪರ್ದಿಯಲ್ಲಿದ್ದವು. ಹಾಲು ಅವನದಲ್ಲ. ಹಾಲು ಹಾಳಾದರೆ ಅವನನ್ನು ಯಾರೂ ಕೇಳುವಂತಿಲ್ಲ, ಯಂತ್ರದಿಂದ ಹಾಳಾದರೆ ಮಾತ್ರ ಕೇಳುತ್ತಾರೆ. ಈ ಎರಡರ ನಡುವಿನ ಗೆರೆಯ ಮೇಲೆ ಅವನು ಲೋಟ ಹಿಡಿದುಕೊಂಡು ನಿಂತಿದ್ದ.

ಮೊದಲ ಟ್ಯಾಂಕರು ಎಂದರೆ ಹುಲಗೇಶನದು. ಹುಮನಾಬಾದಿನ ಆಸುಪಾಸಿನ ಹಳ್ಳಿಗಳ ಹಾಲು ತುಂಬಿಕೊಂಡು, ಹೈದರಾಬಾದಿನ ಲಾರಿಗಳು ಕಣ್ಣುಬಿಡುವ ಮೊದಲೇ ಬಂದು ಗೇಟಿನ ಮುಂದೆ ನಿಂತುಬಿಡುವ ಮನುಷ್ಯ. ಮೊದಲಿಗನಾಗಿ ಬಂದರೆ ಮೊದಲಿಗನಾಗಿ ಮನೆಗೆ ಹೋಗಬಹುದು ಎಂಬುದೊಂದೇ ಅವನ ಲೆಕ್ಕ. ಗೇಟಿನಲ್ಲಿ ಒಂದು ಪಾತ್ರೆ ಹಾಲು ತೆಗೆದು ಲ್ಯಾಕ್ಟೋಮೀಟರ್ ತೇಲಿಸಿ ನೋಡುತ್ತಾರೆ. ಅದು ಸರಿಯಾಗಿ ತೇಲಿದರೆ ಆ ಹಾಲನ್ನು ಮತ್ತೆ ಟ್ಯಾಂಕರಿಗೇ ಸುರಿಯುತ್ತಾರೆ, ತೊಟ್ಟೂ ದಂಡವಾಗಬಾರದೆಂದು ಮಾಲೀಕರ ಕಟ್ಟಪ್ಪಣೆ. ಆಮೇಲೆ ಹಾಲು ಕೂಲರಿನೊಳಗೆ ಹೊಕ್ಕು ತಣ್ಣಗಾಗಿ ಹೊರಬರುತ್ತದೆ, ಹಾಗೆ ಬಂದ ಮೊದಲ ಲೋಟವನ್ನು ನಳಿನಿ ಲ್ಯಾಬಿಗೆ ಒಯ್ಯುತ್ತಾಳೆ. ಕೆಲವು ವಾರಗಳಿಂದ ದಿನವೂ ಗೇಟಿನಲ್ಲಿ ಹುಲಗೇಶನ ಹಾಲು ಪಾಸು. ಲ್ಯಾಬಿನಲ್ಲಿ ನಪಾಸು. ಇದಕ್ಕೆ ಅರ್ಥ ಎಲ್ಲರಿಗೂ ಗೊತ್ತಿದ್ದದ್ದೇ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಕೆಳಗಿಳಿಯುತ್ತದೆ, ಆ ನೀರಿಗೆ ಹಿಡಿಯಷ್ಟು ಉಪ್ಪು ಹಾಕಿದರೆ ಮತ್ತೆ ಮೇಲೇಳುತ್ತದೆ. ಹಾಲು ಮಾರುವುದು ಎಷ್ಟು ಹಳೆಯದೋ ಈ ಯುಕ್ತಿಯೂ ಅಷ್ಟೇ ಹಳೆಯದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು. ಉಪ್ಪು ಸಿಕ್ಕಿತು ಎಂದೊಡನೆ ಕಳ್ಳನೂ ಸಿಕ್ಕಿಬಿಟ್ಟ. ಸಂಜೆ ಮಾಲೀಕರು ಬರುತ್ತಾರೆ, ಬಂದು ಹುಲಗೇಶನನ್ನು ತೆಗೆದುಹಾಕುತ್ತಾರೆ, ಆಮೇಲೆ ಈ ರಸ್ತೆಯ ಯಾವ ಡೇರಿಯೂ ಅವನ ಕೈಗೆ ಟ್ಯಾಂಕರು ಕೊಡುವುದಿಲ್ಲ. ಅಲ್ಲಿಯವರೆಗೆ ಅವನು ಅಂಗಳ ಬಿಟ್ಟು ಹೋಗುವಂತಿರಲಿಲ್ಲ. ಕಾಶಿನಾಥ ಕಿಟಕಿಯಿಂದ ನೋಡಿದಾಗ ಅವನು ತೊಳೆದಿಟ್ಟ ಖಾಲಿ ಟ್ಯಾಂಕರಿನ ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ.

ಅವನ ಕೈಗಳು ಈಗ ಮೊಣಕಾಲಿನ ಮೇಲಿದ್ದವು. ಬೆಳಿಗ್ಗೆ ಬೆನ್ನ ಹಿಂದೆ ಇದ್ದವು. ಬೆಳಿಗ್ಗೆ ಹಾಗಾಗಬಾರದಿತ್ತು. ಮ್ಯಾನೇಜರ್ ವಿಶ್ವಜಿತ್ ಕೆಟ್ಟವನಲ್ಲ; ಪುಣೆಯಲ್ಲಿ ಎಂ.ಬಿ.ಎ. ಓದಿ ಬಂದ ಹುಡುಗ, ಎಲ್ಲವನ್ನೂ ಎಲ್ಲರ ಎದುರಿಗೇ ಮಾಡಬೇಕೆಂಬುದನ್ನು ಅಲ್ಲಿಂದಲೇ ಕಲಿತು ಬಂದಿದ್ದ. ಮಾಧಾಪುರದ ಸಾಫ್ಟ್‌ವೇರ್ ಆಫೀಸುಗಳ ಕ್ಯಾಂಟೀನಿಗೆಲ್ಲ ನಮ್ಮ ಹಾಲೇ ಹೋಗಬೇಕೆಂದು ಓಡಾಡಿ ಆರ್ಡರು ತಂದವನೂ ಅವನೇ. ಅವನು ಒಂದು ಸ್ಟೀಲ್ ಬಕೀಟಿನಲ್ಲಿ ಹಾಲು ತರಿಸಿ ಅಂಗಳದಲ್ಲಿ ಇಡಿಸಿದ. ಉಳಿದ ಡ್ರೈವರುಗಳು, ಕೂಲರ್ ನಡೆಸುವ ಸತೀಶ, ಕಸ ಗುಡಿಸುವ ಸೂಗಮ್ಮ ಎಲ್ಲರೂ ಸುತ್ತ ನಿಂತರು. ಪರೀಕ್ಷೆ ಗಿರೀಕ್ಷೆ ಎಲ್ಲ ಒತ್ತಟ್ಟಿಗಿರಲಿ, ಈ ಹಾಲಿನಲ್ಲಿ ಕೈಯಿಟ್ಟು ನೀರು ಬೆರೆಸಿಲ್ಲ ಎಂದು ನಿನ್ನ ದೇವರ ಮೇಲೆ ಆಣೆ ಮಾಡು, ನಾನು ನಂಬುತ್ತೇನೆ, ಇಲ್ಲಿಗೇ ಬಿಟ್ಟುಬಿಡೋಣ ಎಂದು ಹಿಂದಿಯಲ್ಲಿ ಹೇಳಿದ. ತಾನು ದೊಡ್ಡ ಮನಸ್ಸು ಮಾಡುತ್ತಿದ್ದೇನೆ ಎಂದು ಅವನ ಮುಖದಲ್ಲೇ ಕಾಣುತ್ತಿತ್ತು. ಹುಲಗೇಶ ಬಕೀಟನ್ನು ನೋಡಿದ, ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದ. ನೋಡುತ್ತಿದ್ದವರ ಬಾಯಿಂದ ಸಣ್ಣಗೆ ಒಂದು ಸದ್ದು ಹೊರಟಿತು. ಹುಲಗೇಶನಿಗೆ ಹಿಂದಿ ಬರುತ್ತಿತ್ತು, ದಾರಿ ಕೇಳುವಷ್ಟು, ಡೀಸೆಲ್ ಹಾಕಿಸುವಷ್ಟು. ಮಾನ ಉಳಿಸಿಕೊಳ್ಳುವಷ್ಟು ಬರುತ್ತಿರಲಿಲ್ಲ. ಅವನು ಕಾಶಿನಾಥನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

“ನಮ್ಮ ಮನ್ಯಾಗ ಹಾಲ ಮುಟ್ಟಿ ಆಣಿ ಮಾಡಂಗಿಲ್ರಿ ಸಾಹೇಬ್ರ. ಖರೆ ಇದ್ರೂ ಮಾಡಂಗಿಲ್ಲ, ಸುಳ್ಳ ಇದ್ರೂ ಮಾಡಂಗಿಲ್ಲ. ಬ್ಯಾರೆ ಏನ ಮುಟ್ಟು ಅಂತೀರಿ ಹೇಳ್ರಿ, ಮುಟ್ತೀನಿ.”

ಏನಂತೆ, ಎಂದು ವಿಶ್ವಜಿತ್ ಕಾಶಿನಾಥನನ್ನು ಕೇಳಿದ್ದ. ಕಾಶಿನಾಥನಿಗೆ ಆ ಮಾತು ಹೊಸದೇನಲ್ಲ. ಅವನ ಅವ್ವ ಪಾರ್ವತೆಮ್ಮ ಕಲಬುರಗಿ ಸೀಮೆಯ ಹೈನದ ಮನೆಯಿಂದ ಬಂದವಳು. ಸುಲ್ತಾನ್ ಬಜಾರಿನ ಬಾಡಿಗೆ ಮನೆಯಲ್ಲಿ ಹಸು ಎಲ್ಲಿಂದ ಬರಬೇಕು, ಆದರೂ ಅವಳ ನೇಮಗಳು ಅವಳ ಜೊತೆಗೇ ಬಂದಿದ್ದವು. ಚಿಕ್ಕವನಿದ್ದಾಗ ಯಾವುದೋ ಜಗಳದಲ್ಲಿ ಅವನು ಹಾಲಿನ ಗಿಂಡಿ ಮುಟ್ಟಿ ಆಣೆ ಎಂದದ್ದಕ್ಕೆ ಅವಳು ಓಡಿಬಂದು ಕೈಯ ಮೇಲೆ ಹೊಡೆದಿದ್ದಳು. ನಿಜವನ್ನೇ ಹೇಳುತ್ತಿದ್ದೇನೆ ಎಂದು ಅವನು ಅತ್ತಿದ್ದ. ನಿಜ ಆದ್ರ ಇನ್ನೂ ಕೆಟ್ಟದ್ದು, ಹಾಲಿಗೆ ಸಾಕ್ಷಿ ಹೇಳೂ ಕೆಲಸ ಹಚ್ಚಬಾರದು, ಆಕಳ ಬತ್ತತಾವ ಎಂದಿದ್ದಳು. ಹಾಲಿಗೆ ಸಾಕ್ಷಿ ಹೇಳುವ ಕೆಲಸ ಹಚ್ಚಬಾರದು. ಎಂಥ ಮಾತು! ಇದನ್ನೆಲ್ಲ ಹಿಂದಿಯಲ್ಲಿ ಹೇಳಲು ಬಹಳವೆಂದರೆ ಅರ್ಧ ನಿಮಿಷ ಬೇಕಿತ್ತು. ಆದರೆ ಆ ಅರ್ಧ ನಿಮಿಷದ ಆಚೆ ಇನ್ನೊಂದು ಪ್ರಶ್ನೆ ಕಾದು ನಿಂತಿದ್ದು ಅವನಿಗೆ ಕಂಡಿತು: ಡ್ರೈವರು ಹಾಕಿಲ್ಲವಾದರೆ ಉಪ್ಪುನೀರು ಎಲ್ಲಿಂದ ಬಂತು? ಈ ಅಂಗಳದಲ್ಲಿ ಉಪ್ಪುನೀರು ಇನ್ನೊಂದೇ ಕಡೆ ಇದೆ, ಅದು ಕಾಶಿನಾಥನ ಕೂಲರಿನಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ತನ್ನಷ್ಟಕ್ಕೆ ಅಂಗಿಯ ಕಾಲರಿಗೆ ಹೋಯಿತು. ಅವನು ಒಲ್ಲೆ ಅನ್ನುತ್ತಾನೆ ಎಂದು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ವಿಶ್ವಜಿತನಿಗೆ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ವಿಶ್ವಜಿತ್ ತಲೆಯಾಡಿಸಿ ಬಕೀಟು ಎತ್ತಿಸಿದ.

ಆಗಿನಿಂದ ಕಾಶಿನಾಥನ ತಲೆಯಲ್ಲಿ ಎರಡು ಹುಳುಗಳು ಹೊಕ್ಕಿದ್ದವು. ಒಂದು ನಾಚಿಕೆಯದು. ಇನ್ನೊಂದು ಯಾಕೆ ಎಂಬುದು. ನಿಜ ಹೇಳಬೇಕೆಂದರೆ ಎರಡನೆಯದೇ ಹೆಚ್ಚು ಕೊರೆಯುತ್ತಿತ್ತು, ಅದಕ್ಕಾಗಿ ಅವನು ಮತ್ತೆ ಒಂದಿಷ್ಟು ನಾಚಿಕೊಂಡ. ಕಳೆದ ವಾರವಷ್ಟೇ ಅವನು ಕೂಲರನ್ನು ಪರೀಕ್ಷಿಸಿದ್ದ. ಹಾಲಿನ ದಾರಿಗೆ ನೀರು ತುಂಬಿಸಿ, ಒತ್ತಡ ಏರಿಸಿ, ಕವಾಟ ಮುಚ್ಚಿ, ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ವಿಶ್ವಜಿತ್ ಹೊಸದಾಗಿ ಹಾಕಿಸಿದ ಕಂಪ್ಯೂಟರ್ ಪರದೆಯ ಮೇಲೂ ಎಲ್ಲ ಹಸಿರು ಚೌಕಗಳೇ. ನೋಡಿ, ಏನಾದರೂ ಸೋರಿದರೆ ಇಲ್ಲಿ ಕೆಂಪಾಗುತ್ತದೆ, ನೀವು ಇನ್ನು ಮೇಲೆ ಪೈಪಿಗೆ ಕಿವಿಗೊಟ್ಟು ಕೂರಬೇಕಿಲ್ಲ ಎಂದು ಆ ಹುಡುಗ ಪ್ರೀತಿಯಿಂದಲೇ ಹೇಳಿದ್ದ. ಕಿವಿಗೊಟ್ಟು ಕೂತದ್ದನ್ನು ಅವನು ಯಾವಾಗ ನೋಡಿದ್ದನೋ. ಪ್ರೀತಿಯಿಂದ ಹೇಳಿದ ಮಾತು ಬೈಗುಳಕ್ಕಿಂತ ಹೆಚ್ಚು ದಿನ ಚುಚ್ಚುತ್ತದೆ. ಹಾಗಾದರೆ ಯಂತ್ರ ಸರಿ, ಡ್ರೈವರು ಕಳ್ಳ, ಇಲ್ಲಿಗೆ ಮುಗಿಯಿತು. ಆದರೆ ಮುಗಿಯಲಿಲ್ಲ. ಕಳ್ಳನಾದವನು ದಿನಾ ಮೊದಲಿಗನಾಗಿ ಬಂದು ನಿಲ್ಲುತ್ತಾನೆಯೇ? ಗುಂಪಿನ ನಡುವೆ ಬರುವುದಿಲ್ಲವೇ? ನಡುವೆ ಒಂದು ದಿನ ಹುಲಗೇಶನ ಟ್ಯಾಂಕರು ಸದಾಶಿವಪೇಟೆಯ ಹತ್ತಿರ ಪಂಕ್ಚರ್ ಆಗಿ ತಡವಾಗಿ ಬಂದಿತ್ತು. ಅವತ್ತು ಅವನ ಹಾಲು ಚೊಕ್ಕ ಇತ್ತು. ಅವತ್ತು ಮೊದಲು ಬಂದದ್ದು ಯಾರು? ಆ ಹಾಲು ಹೇಗಿತ್ತು? ಅವನು ನಳಿನಿಯನ್ನು ಕೇಳಿದ. ಆಕೆ ಸ್ವಲ್ಪ ಯೋಚಿಸಿ, ಅವತ್ತು ಜಹೀರಾಬಾದಿನ ಟ್ಯಾಂಕರಿನದು ತುಸು ತೆಳ್ಳಗಿತ್ತು ಸಾರ್, ಒಂದೇ ದಿನ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಎಂದಳು. ಕಾಶಿನಾಥನಿಗೆ ಮೈಯಲ್ಲಿ ಸಣ್ಣಗೆ ಬಿಸಿ ಏರಿತು. ಕೆಟ್ಟದ್ದು ಡ್ರೈವರಲ್ಲ. ಕೆಟ್ಟದ್ದು ಸರದಿಯ ಮೊದಲ ಜಾಗ.

ಅವನು ಕೂಲರಿನ ಮುಂದೆ ಹೋಗಿ ನಿಂತ. ಬೆಳಗಿನ ಹಾಲು ಮುಗಿದಿತ್ತು, ಸಂಜೆಯ ಹಾಲು ಬರಲು ಇನ್ನೂ ಹೊತ್ತಿತ್ತು. ತೆಳ್ಳನೆಯ ಸ್ಟೀಲಿನ ಪ್ಲೇಟುಗಳನ್ನು ಪುಸ್ತಕದ ಹಾಳೆಗಳ ಹಾಗೆ ಒಂದಕ್ಕೊಂದು ಒತ್ತಿ ಉದ್ದನೆಯ ಬೋಲ್ಟುಗಳಿಂದ ಬಿಗಿದ ಯಂತ್ರ. ಒಂದು ಸಂದಿಯಲ್ಲಿ ಹಾಲು ಏರುತ್ತದೆ, ಪಕ್ಕದ ಸಂದಿಯಲ್ಲಿ ಉಪ್ಪು ಬೆರೆಸಿದ ಕೊರೆಯುವ ತಣ್ಣೀರು ಇಳಿಯುತ್ತದೆ, ಅದನ್ನು ಎಲ್ಲರೂ ಬ್ರೈನ್ ಎನ್ನುತ್ತಿದ್ದರು. ನಡುವೆ ಒಂದು ಪ್ಲೇಟು ಮಾತ್ರ. ಬಿಸಿ ಆಚೆಗೆ ಹೋಗಬೇಕು, ಬೇರೆ ಏನೂ ಹೋಗಬಾರದು. ಸುಲ್ತಾನ್ ಬಜಾರಿನ ಮನೆಯಲ್ಲಿ ಅಡುಗೆಮನೆಯ ಗೋಡೆಯ ಆಚೆ ಯಮುನಾಬಾಯಿ ಎಂಬ ಮರಾಠಿ ಹೆಂಗಸಿನ ಒಲೆಯಿತ್ತು. ಅವಳು ಒಲೆ ಹೊತ್ತಿಸಿದರೆ ಇವರ ಗೋಡೆ ಬೆಚ್ಚಗಾಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ಅವನು ಆ ಗೋಡೆಗೆ ಬೆನ್ನು ಹಚ್ಚಿ ಕೂತು ಓದುತ್ತಿದ್ದ. ವರ್ಷಗಟ್ಟಲೆ ಹಾಗೆ ಬೆನ್ನು ಕಾಸಿಕೊಂಡರೂ ಅವಳ ಮುಖ ಅವನಿಗೆ ನೆನಪಿಲ್ಲ. ಅವ್ವನ ಹತ್ತಿರ ಒಮ್ಮೆ ಆಕೆ ದೂರು ತಂದಿದ್ದಳು: ನಿಮ್ಮ ಬಚ್ಚಲ ನೀರು ನಮ್ಮ ಕಡೆ ಜಿನುಗುತ್ತಿದೆ ಎಂದು. ಅವ್ವ ಗೋಡೆಯನ್ನು ಈಚೆಯಿಂದ ಮುಟ್ಟಿ, ಒಣಾ ಐತಲ್ರಿ ಎಂದು ವಾದಿಸಿದ್ದಳು. ಈಚೆಯಿಂದ ಒಣಗಿಯೇ ಇತ್ತು. ಆಚೆ ಹೋಗಿ ನೋಡಲಿಲ್ಲ. ಅವರ ಮನೆಗೆ ಹೋಗುವ ರೂಢಿಯಿರಲಿಲ್ಲ.

ಕಾಶಿನಾಥ ಪ್ಲೇಟುಗಳ ಮೇಲೆ ಅಂಗೈಯಿಟ್ಟು ಹಾಗೇ ನಿಂತುಬಿಟ್ಟ. ತಾನು ಕಳೆದ ವಾರ ಕೇಳಿದ್ದು ಹಾಲಿನ ಬದಿಯಿಂದ ಮಾತ್ರ. ಹಾಲಿನ ಬದಿಯಲ್ಲಿ ಕಾಲಾಂತರದಲ್ಲಿ ಒಂದು ಬಿಳಿ ಕರೆ ಕಟ್ಟುತ್ತದೆ, ಹಾಲು ಉಕ್ಕಿದ ಒಲೆಯ ಮೇಲೆ ಕಟ್ಟುವ ಹಾಗೆ. ಪ್ಲೇಟಿನಲ್ಲಿ ಸೂಜಿಮೊನೆಯ ತೂತು ಇದ್ದು ಅದರ ಬಾಯಿಗೆ ಈ ಕರೆ ಕೂತಿದ್ದರೆ? ಹಾಲಿನ ಬದಿಯಿಂದ ಒತ್ತಿದಷ್ಟೂ ಕರೆ ತೂತಿಗೆ ಬಿರಟೆಯ ಹಾಗೆ ಬಿಗಿದುಕೊಳ್ಳುತ್ತದೆ, ಮುಳ್ಳು ಇಳಿಯುವುದಿಲ್ಲ. ಬ್ರೈನ್ ಬದಿಯಿಂದ ಒತ್ತಿದರೆ ಕರೆ ಸಡಿಲಾಗಿ ದಾರಿ ಬಿಡುತ್ತದೆ. ಆದರೆ ನಡೆಯುವಾಗ ಹಾಲಿನ ಒತ್ತಡವೇ ಹೆಚ್ಚು, ಬ್ರೈನು ಈಚೆ ಬರಲಾರದು. ಹಾಲು ಇಲ್ಲದಿದ್ದಾಗ? ಅವನು ಸತೀಶನನ್ನು ಕೂಗಿ ಬೆಳಿಗ್ಗೆ ಬಂದೊಡನೆ ಏನೇನು ಮಾಡುತ್ತೀ, ಒಂದೊಂದಾಗಿ ಹೇಳು ಎಂದ. ಸತೀಶ ಏನೋ ತಪ್ಪಾಗಿದೆ ಎಂದು ಹೆದರಿ ಅರ್ಧ ತೆಲುಗಿನಲ್ಲಿ ಹೇಳಿದ: ಬಂದೊಡನೆ ಬ್ರೈನ್ ಪಂಪು ಹಾಕುತ್ತೇನೆ ಸಾರ್, ಪ್ಲೇಟು ಚೆನ್ನಾಗಿ ತಣ್ಣಗಾಗಲಿ ಅಂತ. ಆಮೇಲೆ ದೇವರಿಗೆ ಊದುಬತ್ತಿ ಹಚ್ಚುತ್ತೇನೆ, ಚಹಾ ಕುಡಿಯುತ್ತೇನೆ, ಅಷ್ಟರಲ್ಲಿ ಗೇಟಿನಿಂದ ಮೊದಲ ಟ್ಯಾಂಕರು ಬಿಡುತ್ತಾರೆ, ಆಗ ಹಾಲು ಬಿಡುತ್ತೇನೆ. ನೀವೇ ಹೇಳಿಕೊಟ್ಟದ್ದಲ್ಲವಾ ಸಾರ್? ಹೌದು, ಕಾಶಿನಾಥನೇ ಹೇಳಿಕೊಟ್ಟದ್ದು. ಬ್ರೈನು ಮೊದಲು, ಹಾಲು ಆಮೇಲೆ. ಒಂದು ಚಹಾ, ಒಂದು ಊದುಬತ್ತಿಯಷ್ಟು ಹೊತ್ತು ಹಾಲಿನ ದಾರಿ ಖಾಲಿ ಬಿದ್ದಿರುತ್ತದೆ, ಆಚೆಯಿಂದ ಉಪ್ಪುನೀರು ಒತ್ತುತ್ತಿರುತ್ತದೆ. ಮೊದಲು ಬಂದವನ ಹಾಲು ಆ ನೀರನ್ನು ತಳ್ಳಿಕೊಂಡು ಹೊರಗೆ ಬರುತ್ತದೆ, ಅದೇ ಮೊದಲ ಲೋಟವನ್ನು ನಳಿನಿ ಹಿಡಿದುಕೊಂಡು ಹೋಗುತ್ತಾಳೆ. ಎಷ್ಟು ಅಚ್ಚುಕಟ್ಟಾಗಿತ್ತು ಅದು! ಒಬ್ಬರೂ ತಪ್ಪು ಮಾಡದೆ ಒಬ್ಬನನ್ನು ಕಳ್ಳನನ್ನಾಗಿ ಮಾಡುವ ಯಂತ್ರ. ಅವನಿಗೆ ಕುಣಿಯಬೇಕೆನ್ನಿಸಿತು.

ವಿಶ್ವಜಿತನ ಕೋಣೆಗೆ ಹೋಗಿ ಕೂಲರನ್ನು ಇನ್ನೊಮ್ಮೆ ಪರೀಕ್ಷಿಸುತ್ತೇನೆ ಎಂದಾಗ ಆ ಹುಡುಗ ಪರದೆಯಿಂದ ಕಣ್ಣು ತೆಗೆಯದೆ, ನೀವೇ ಪಾಸು ಮಾಡಿದ್ದೀರಲ್ಲ ಎಂದ. ಆಮೇಲೆ ಕುರ್ಚಿ ತಿರುಗಿಸಿ ನಕ್ಕ. ಯೋಚಿಸಿ ನೋಡಿ, ಅವನೇನೋ ಕೈ ಹಿಂದಕ್ಕೆ ಕಟ್ಟಿ ಒಪ್ಪಿಕೊಂಡ ಹಾಗೇ ಆಗಿದೆ, ಈಗ ನೀವು ತೂತು ಹುಡುಕಿದರೆ ಸಂಜೆ ಮಾಲೀಕರ ಮುಂದೆ ಅವನ ಜಾಗದಲ್ಲಿ ನೀವು ನಿಲ್ಲಬೇಕಾಗುತ್ತದೆ ಎಂದ. ಬೆದರಿಕೆಯಲ್ಲ ಅದು, ಹಿತವಚನ. ಕಾಶಿನಾಥ ಕದದ ಹತ್ತಿರ ನಿಂತು ತನ್ನ ವಯಸ್ಸನ್ನು ನೆನೆದ, ಮಗಳು ದೀಪಾಲಿ ಅಮೀರ್‌ಪೇಟೆಯಲ್ಲಿ ಸೇರಿದ್ದ ಕಂಪ್ಯೂಟರ್ ಕೋರ್ಸನ್ನು ನೆನೆದ, ಈ ಊರಿನಲ್ಲಿ ಈಗ ಡಿಪ್ಲೊಮಾದ ಮುದುಕರನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ನೆನೆದ. ಹೋಗಿ ಸುಮ್ಮನೆ ಕೂರಬಹುದಿತ್ತು. ಕಾಲುಗಳು ಮಾತ್ರ ಕೂಲರಿನ ಕಡೆಗೇ ಹೊರಟವು. ಅದು ಧೈರ್ಯವಲ್ಲ ಎಂಬುದು ಅವನಿಗೇ ಗೊತ್ತಿತ್ತು. ತೂತು ಇದೆಯೋ ಇಲ್ಲವೋ ಎಂದು ನೋಡದೆ ಅವನಿಗೆ ಮಧ್ಯಾಹ್ನದ ಊಟ ಇಳಿಯುವಂತಿರಲಿಲ್ಲ, ಅಷ್ಟೇ.

ಹಾಲಿನ ದಾರಿಯನ್ನು ಬರಿದು ಮಾಡಿ, ಕೆಳಗಿನ ಬಾಯಿಯನ್ನು ತೆರೆದಿಟ್ಟು, ಅದರಡಿಗೆ ಸೂಗಮ್ಮನ ಕೈಯಿಂದ ಒಂದು ಒಣ ತಟ್ಟೆ ಇಡಿಸಿದ. ಬ್ರೈನ್ ಬದಿಯ ಕವಾಟ ಮುಚ್ಚಿ ನಿಧಾನವಾಗಿ ಒತ್ತಡ ಏರಿಸಿದ. ಆಮೇಲೆ ನೆಲದ ಮೇಲೆ ಕುಳಿತು ಪೈಪಿನ ಬಾಯಿಯನ್ನೇ ನೋಡತೊಡಗಿದ. ಸತೀಶನೂ ಕುಳಿತ. ಏನೂ ಆಗಲಿಲ್ಲ. ಸೂಗಮ್ಮ ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲಿ ನಿಂತವಳು. ಏನ ನೋಡಾಕತ್ತೀರ್ರಿ ಎಂದು ಕೇಳಿ ತಾನೂ ಬಗ್ಗಿ ನೋಡಿದಳು. ಇನ್ನೂ ಏನೂ ಆಗಲಿಲ್ಲ. ಕಾಶಿನಾಥನಿಗೆ ಆಗ ಒಂದು ವಿಚಿತ್ರ ಆಸೆ ಹುಟ್ಟಿತು: ಏನೂ ಆಗದೇ ಇರಲಿ. ಏನೂ ಆಗದಿದ್ದರೆ ತಾನು ಮಾಡಬೇಕಾದ್ದನ್ನೆಲ್ಲ ಮಾಡಿದ ಹಾಗಾಯಿತು, ಬೆಳಿಗ್ಗೆ ನುಂಗಿದ ಮಾತು ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಅದೇ ಹೊತ್ತಿಗೆ ಪೈಪಿನ ಅಂಚಿನಲ್ಲಿ ಏನೋ ಮಿನುಗಿತು, ದಪ್ಪವಾಯಿತು, ತಟ್ಟೆಯ ಮೇಲೆ ಟಪ್ಪೆಂದು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅವನು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ. ಉಪ್ಪು! ಇಷ್ಟು ದಿನಗಳಲ್ಲಿ ಮೊದಲ ಸಲ ಉಪ್ಪು ಉಪ್ಪಿನ ಹಾಗೆ ಇತ್ತು. ನಾಲಿಗೆ ಕೆಟ್ಟಿರಲಿಲ್ಲ. ಅವನು ನಕ್ಕುಬಿಟ್ಟ, ಸತೀಶನ ಬೆನ್ನಿಗೆ ಗುದ್ದಿದ, ನೋಡು ನೋಡು ಎಂದು ಸೂಗಮ್ಮನಿಗೂ ತೋರಿಸಿದ. ಹೊರಗೆ ಅಂಗಳದಲ್ಲಿ ಒಬ್ಬ ಕುಳಿತಿದ್ದಾನೆ ಎಂಬುದು ಅವನಿಗೆ ಬಹಳ ಹೊತ್ತು ನೆನಪಾಗಲಿಲ್ಲ.

ಪ್ಲೇಟುಗಳನ್ನು ಬಿಚ್ಚಿ ಸಾಲಾಗಿ ನಿಲ್ಲಿಸಿದರು. ಹಾಲಿನ ಕರೆಯನ್ನು ತೊಳೆದು, ಒಂದು ಬದಿಗೆ ತೆಳ್ಳನೆಯ ಕೆಂಪು ಬಣ್ಣ ಹಚ್ಚಿ, ಇನ್ನೊಂದು ಬದಿಗೆ ಸುಣ್ಣದಂಥ ಬಿಳಿ ಪುಡಿ ಬಳಿದು ಕಾದರೆ ತೂತಿದ್ದಲ್ಲಿ ಕೆಂಪು ಈಚೆ ಬರುತ್ತದೆ. ಬಹಳ ಪ್ಲೇಟುಗಳು ಬಿಳಿಯಾಗಿಯೇ ಉಳಿದವು. ಒಂದರಲ್ಲಿ ಮಾತ್ರ ಮೂಲೆಗೆ ಹತ್ತಿರ ಸಾಸಿವೆಯಷ್ಟು ಕೆಂಪು ಮೂಡಿತು. ಅವನು ಪ್ಲೇಟನ್ನು ತಿರುವಿ ಬ್ರೈನಿನ ಬದಿ ನೋಡಿದ. ತೂತಿನ ಸುತ್ತ ಕಂದು ಬಣ್ಣದ ತುಕ್ಕಿನ ಉಂಗುರ ಇತ್ತು. ಸ್ಟೀಲಿಗೆ ತುಕ್ಕು ಯಾಕೆ? ಬೆಳಕಿಗೆ ಓರೆಯಾಗಿ ಹಿಡಿದರೆ ಪ್ಲೇಟಿನ ಮೇಲೆಲ್ಲ ಸಣ್ಣ ಗೀರುಗಳು ಕಂಡವು, ಗುಂಡಗೆ ಗುಂಡಗೆ, ಹೆಂಗಸರು ಪಾತ್ರೆ ತಿಕ್ಕುವ ಕೈಚಳಕದಲ್ಲಿ. ಅವನಿಗೆ ಆಯುಧಪೂಜೆ ನೆನಪಾಯಿತು. ವರ್ಷಕ್ಕೊಮ್ಮೆ ಅವತ್ತು ಯಂತ್ರಗಳನ್ನೆಲ್ಲ ಬಿಚ್ಚಿ ತೊಳೆದು ವಿಭೂತಿ ಕುಂಕುಮ ಹಚ್ಚುವುದು ರೂಢಿ. ಹೋದ ದಸರೆಗೆ ಸೂಗಮ್ಮ ಮತ್ತು ಅವಳ ಜೊತೆಯವರು ಪ್ಲೇಟುಗಳನ್ನು ದೇವರ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು, ಕಬ್ಬಿಣದ ನಾರು ಹಿಡಿದು ತಿಕ್ಕಿ ಬೆಳಗಿದ್ದರು. ಸ್ಟೀಲಿನ ಮೇಲೆ ಕಬ್ಬಿಣ ತಿಕ್ಕಬಾರದು. ಅದರ ಹುಡಿ ಅಂಟಿಕೊಂಡು, ಉಪ್ಪುನೀರಿನಲ್ಲಿ ತುಕ್ಕು ಹಿಡಿದು, ಕೆಳಗಿನ ಸ್ಟೀಲನ್ನೂ ಕೊರೆಯುತ್ತದೆ. ಇದು ಕಾಶಿನಾಥನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವತ್ತು ಬಿಸಿಲಿನಲ್ಲಿ ಪ್ಲೇಟುಗಳು ಫಳಫಳ ಹೊಳೆದದ್ದು ಕಂಡು ಅವನ ಕಣ್ಣು ತುಂಬಿತ್ತು. ಅವ್ವ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳು ಎಂದುಕೊಂಡು, ಮೂಲೆಯಲ್ಲಿ ಇನ್ನೊಂಚೂರು ತಿಕ್ಕವಾ ಎಂದು ತಾನೇ ತೋರಿಸಿದ್ದ.

ವಿಶ್ವಜಿತ್ ಬಂದು ಕೆಂಪು ಚುಕ್ಕೆಯನ್ನು ನೋಡಿದ, ತನ್ನ ಮೊಬೈಲು ಫೋನಿನ ತುದಿಯಿಂದ ಮುಟ್ಟಲು ಹೋಗಿ ಹಿಂದೆ ಸರಿದ. ಅವನಿಗೂ ಕುತೂಹಲವಾಗಿತ್ತು, ಪಾಪ. ಪರದೆಯ ಮೇಲೆ ಯಾಕೆ ಕೆಂಪಾಗಲಿಲ್ಲ ಎಂದು ಕೇಳಿದ. ಇಷ್ಟು ಸಣ್ಣದು ಅದಕ್ಕೆ ಕಾಣುವುದಿಲ್ಲ ಎಂದು ಕಾಶಿನಾಥ ಹೇಳಿದ, ಅದರಲ್ಲಿ ಗೆದ್ದ ಸುಖವೇನೂ ಸಿಗಲಿಲ್ಲ. ಹೇಗಾಯಿ‌ತು ಎಂಬ ಪ್ರಶ್ನೆ ಬಂದಾಗ ಸೂಗಮ್ಮ ಕಸಬರಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ತಿಕ್ಕಿದವರು ಯಾರು ಎಂದು ವಿಶ್ವಜಿತ್ ಅವಳ ಕಡೆ ನೋಡಿದ. ತಿಕ್ಕಿಸಿದವನು ನಾನು ಎಂದು ಕಾಶಿನಾಥ ಹೇಳಿದ. ವಿಶ್ವಜಿತ್ ನಿಟ್ಟುಸಿರಿಟ್ಟು, ನೀವು ಇಂಜಿನಿಯರೋ ಪೂಜಾರಿಯೋ ಎಂದು ಕೇಳಿ ತಾನೇ ನಕ್ಕ. ಸತೀಶ ನಗು ತಡೆಯಲು ಬೇರೆ ಕಡೆ ನೋಡಿದ. ಹೊಸ ಪ್ಲೇಟು ಹಾಕಿ, ಮಾಲೀಕರಿಗೆ ಸಂಜೆ ನೀವೇ ಹೇಳಿ, ನಾಳೆಯಿಂದ ಟ್ಯಾಂಕರಿನ ಹಾಲನ್ನೂ ಬೇರೆಯಾಗಿ ತೆಗೆದಿಟ್ಟು ಪರೀಕ್ಷಿಸೋಣ ಎಂದು ವಿಶ್ವಜಿತ್ ಹೊರಟ. ಎರಡು ಹೆಜ್ಜೆ ಹೋದವನು ತಿರುಗಿ, ಆ ಡ್ರೈವರಿಗೆ ಹೋಗು ಅಂತ ಹೇಳಿಬಿಡಿ, ನಾಳೆ ಎಂದಿನಂತೆ ಬರಲಿ ಎಂದ.

ಹೀಗೆ ಹೇಳಿಬಿಡುವ ಕೆಲಸ ಕಾಶಿನಾಥನಿಗೆ ಬಂತು. ಅಂಗಳಕ್ಕೆ ಇಳಿಯುವಾಗ ಅವನಿಗೆ ಹಗುರವೆನಿಸುತ್ತಿತ್ತು. ಸಂಜೆ ಏನಾಗುತ್ತದೋ ಆಗಲಿ, ಈಗ ಕೈಯಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಅದನ್ನು ಕೊಟ್ಟೊಡನೆ ಆ ಮನುಷ್ಯನ ಮುಖ ಅರಳುತ್ತದೆ, ಅದರಲ್ಲಿ ಬೆಳಗಿನದೂ ಕೊಚ್ಚಿಹೋಗುತ್ತದೆ. ಬ್ರೈನು, ಕರೆ, ಒತ್ತಡ, ಊದುಬತ್ತಿ ಎಲ್ಲವನ್ನೂ ಹೇಗೆ ತಿಳಿಯುವಂತೆ ಹೇಳಬೇಕೆಂದು ದಾರಿಯಲ್ಲೇ ಜೋಡಿಸಿಕೊಂಡ. ಹುಲಗೇಶ ಅವನನ್ನು ಕಂಡು ಎದ್ದುನಿಂತ. ನೆರಳು ಸರಿದು ಅವನ ಮುಖದ ಅರ್ಧಕ್ಕೆ ಬಿಸಿಲು ಬಿದ್ದಿತ್ತು. ಕಾಶಿನಾಥ ಅವನ ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, ಗುಟ್ಟು ಹೇಳುವವನ ಹಾಗೆ ಹೇಳಿದ.

“ಹುಲಗೇಶ, ನಿನ್ನ ಹಾಲಿನ್ಯಾಗ ನೀರ ಇರಲಿಲ್ಲಪಾ. ನಮ್ಮ ಪ್ಲೇಟಿನ್ಯಾಗ ತೂತ ಇತ್ತು.”

ಹುಲಗೇಶನ ಮುಖ ಅರಳಲಿಲ್ಲ. ಅವನು ಕಾಶಿನಾಥನ ಕೈಯನ್ನು ನೋಡಿದ, ಆಮೇಲೆ ಅವನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುವವನ ನೋಟ ಅದು.

“ನಾ ನೀರ ಹಾಕಿಲ್ಲಂತ ನನಗ ಗೊತ್ತಿಲ್ಲೇನ್ರಿ? ನನಗ್ಯಾಕ ಹೇಳಾಕತ್ತೀರಿ?” ಎಂದ. ಗೇಟಿನ ಕಡೆ ಗದ್ದ ಎತ್ತಿದ. “ಗೊತ್ತಿಲ್ಲದವರು ಅಲ್ಲಿ ನಿಂತಾರ ನೋಡ್ರಿ.”

ಗೇಟಿನ ಆಚೆ ಚಹಾದ ಬಂಡಿಯ ಸುತ್ತ ಸಂಜೆಯ ಹಾಲು ತಂದ ಡ್ರೈವರುಗಳು ನಿಂತಿದ್ದರು. ಬೆಳಿಗ್ಗೆ ಬಕೀಟಿನ ಸುತ್ತ ನಿಂತಿದ್ದವರಲ್ಲಿ ಮುಕ್ಕಾಲು ಪಾಲು ಅವರೇ. ಕಾಶಿನಾಥ ಆ ಕಡೆ ತಿರುಗಿದ. ಅಲ್ಲಿಯವರೆಗೆ ನಡೆಯುವುದು ದೊಡ್ಡದೇನಲ್ಲ. ಪ್ಲೇಟಿನ ವಿಷಯವಾದರೆ ಅವನು ಇಡೀ ದಿನ ಹೇಳಬಲ್ಲ, ಅದರಲ್ಲಿ ಎಲ್ಲರಿಗೂ ಸೋಜಿಗವಾಗುವಂಥದ್ದಿದೆ, ಕೇಳಿದವರು ಹೌದಾ ಎಂದು ತಲೆದೂಗುತ್ತಾರೆ, ಸೋಜಿಗದಲ್ಲಿ ಉಳಿದದ್ದು ಮುಚ್ಚಿಹೋಗುತ್ತದೆ. ಅವನು ನಡೆದ. ಹುಲಗೇಶ ಹಿಂದೆ ಬರಲಿಲ್ಲ. ಕಾಶಿನಾಥ ಹತ್ತಿರ ಬಂದದ್ದು ನೋಡಿ ಜಹೀರಾಬಾದಿನ ಡ್ರೈವರು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ, ಚಹಾ ಹೇಳಲೇ ಎಂದು ಕೇಳಿದ, ಕಳ್ಳನದು ಏನಾಯಿತು ಸಾಬ್ ಎಂದೂ ಕೇಳಿದ. ಕಾಶಿನಾಥ ಕೂರಲಿಲ್ಲ. ಪ್ಲೇಟಿನಿಂದ ಶುರುಮಾಡಬೇಕೆಂದು ಬಾಯಿ ತೆರೆದ. ಬಂದದ್ದು ಬೇರೆ. ಬೆಳಿಗ್ಗೆ ಹುಲಗೇಶ ಹೇಳಿದ್ದು ಒಂದು, ನಾನು ನಿಮಗೆ ಹೇಳಿದ್ದು ಇನ್ನೊಂದು ಎಂದು ಹಿಂದಿಯಲ್ಲಿ ಹೇಳಿದ. ಅವರು ಗ್ಲಾಸು ಕೆಳಗಿಟ್ಟರು. ಹಾಗಾದರೆ ಅವನು ಏನು ಹೇಳಿದ್ದ, ಎಂದು ಒಬ್ಬ ಕೇಳಿದ. ಕಾಶಿನಾಥ ಹುಲಗೇಶನ ಮಾತನ್ನು ಒಂದೊಂದಾಗಿ ಹಿಂದಿಗೆ ತಂದು ಅವರಿಗೆ ಹೇಳಿದ, ಒಂದನ್ನೂ ಬಿಡಲಿಲ್ಲ.